ಲೆಕ್ಕ ಸರಿಯಿದೆ, ಸಂಗೀತ ಎಲ್ಲಿ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು 31. ಚಿಕ್ಕಂದಿನಲ್ಲಿ ಒಂಬತ್ತು ವರ್ಷ ಮೃದಂಗ ಕಲಿತು ಸೀನಿಯರ್ ಪರೀಕ್ಷೆಯವರೆಗೆ ಹೋಗಿದ್ದೆ. ನಾಲ್ಕು ವರ್ಷಗಳಿಂದ ಪ್ಯೂರ್ ಡೇಟಾ ಮತ್ತು ಸೂಪರ್‌ಕೊಲೈಡರ್ ಎಂಬ, ಧ್ವನಿಯನ್ನು ಪ್ರೋಗ್ರಾಂ ಮಾಡುವ ತಂತ್ರಾಂಶಗಳನ್ನು ಬಳಸಿ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತಿದ್ದೇನೆ. ಈ ವರ್ಷ ಎಂಟು ತಿಂಗಳು ಕೂತು ಒಂದು ಪ್ಯಾಚ್, ಅಂದರೆ ಅವುಗಳಲ್ಲಿ ಓಡುವ ಪ್ರೋಗ್ರಾಂ, ಬರೆದೆ. ಯಾವ ತಾಳ ಕೊಟ್ಟರೂ ಅದು ಮುಕ್ತಾಯಗಳನ್ನು (ತಾಳದ ಮೊದಲ ಪೆಟ್ಟಿಗೆ ಬಂದು ಮುಗಿಯುವ ನುಡಿಗಟ್ಟುಗಳನ್ನು) ತಾನೇ ಲೆಕ್ಕ ಹಾಕಿ, ನಾನು ರೂಪಿಸಿದ ಕೃತಕ ಚರ್ಮವಾದ್ಯದ ನಾದದಲ್ಲಿ ನುಡಿಸುತ್ತದೆ. ನಮ್ಮ ಮೇಷ್ಟ್ರಿಗೆ ಕೇಳಿಸಿದಾಗ ಅವರು ‘ಲೆಕ್ಕ ಸರಿಯಿದೆಯಪ್ಪ, ಸಂಗೀತ ಎಲ್ಲಿ?’ ಎಂದುಬಿಟ್ಟರು. ಆಫೀಸಿನ ಗೆಳೆಯರು ಇದನ್ನು ‘ಬಟನ್ ಒತ್ತುವ ಸಂಗೀತ’ ಎನ್ನುತ್ತಾರೆ. ಈ ಎಂಟು ತಿಂಗಳಲ್ಲಿ ನಾನು ಮುಗಿಸಿದ ರಚನೆಗಳು ಎರಡೇ ಎಂಬುದೂ ನಿಜ. ಮೊನ್ನೆ ಒಂದು ಕಾರ್ಯಕ್ರಮದ ಅರ್ಜಿಯಲ್ಲಿ ‘ವಾದ್ಯ’ ಎಂಬ ಕಲಂ ಮುಂದೆ ಏನು ಬರೆಯಬೇಕೆಂದು ತೋಚದೆ ಖಾಲಿ ಬಿಟ್ಟು ಕಳಿಸಿದೆ. ಪ್ರೋಗ್ರಾಂ ಬರೆಯುವುದನ್ನು ಸಂಗೀತಗಾರಿಕೆ ಎನ್ನಬಹುದೇ? ಅಥವಾ ಒಂದು ಕೀಬೋರ್ಡ್ ಕೊಂಡು ಮೊದಲಿನಿಂದ ಕಲಿಯುವುದೇ ಒಳ್ಳೆಯದೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಪ್ರೋಗ್ರಾಂ ಬರೆಯುವುದರಲ್ಲಿ ಸಂಗೀತದ ಕೆಲಸ ಇದೆಯೇ ಎಂಬುದು ಮೊದಲನೆಯದು. ಹಾಗೆ ಮಾಡಿದ ಸಂಗೀತವನ್ನು ಸಭೆಯ ಮುಂದೆ ಕೂತು ‘ನುಡಿಸುತ್ತೇನೆ’ ಎನ್ನಬಹುದೇ ಎಂಬುದು ಎರಡನೆಯದು. ಈ ಎಂಟು ತಿಂಗಳು ನೀವು ನಿಜಕ್ಕೂ ಸಂಗೀತ ಮಾಡಿದಿರೇ ಎಂಬುದು ಮೂರನೆಯದು. ಗೆಳೆಯರ ಮಾತು ಎರಡನೆಯದಕ್ಕೆ ಸಂಬಂಧಿಸಿದ್ದು, ಮೇಷ್ಟ್ರ ಮಾತು ಮೂರನೆಯದಕ್ಕೆ ಸಂಬಂಧಿಸಿದ್ದು. ನೀವು ಎರಡನ್ನೂ ಸೇರಿಸಿ ಮೊದಲನೆಯದರ ಮೇಲೆ ಹೊರಿಸಿ ‘ಇದು ಸಂಗೀತವೇ ಅಲ್ಲವೇನೋ’ ಎಂದು ಕೊರಗುತ್ತಿದ್ದೀರಿ. ಸುಮಾರು ಇಪ್ಪತ್ತು ವರ್ಷಗಳಿಂದ ಕಂಪ್ಯೂಟರಿನಲ್ಲಿ ನಾದ ರೂಪಿಸುತ್ತ, ಅದನ್ನೇ ಕಲಿಸುತ್ತ ಬಂದಿರುವ ನನಗೆ ಈ ಕೊರಗು ಹೊಸದಲ್ಲ. ಇದೇ ಪ್ರಶ್ನೆಯನ್ನು ಇಟ್ಟುಕೊಂಡು ಬರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ನಿಮ್ಮಂತೆಯೇ ಹಗಲು ಕೋಡ್ ಬರೆದು ಸಂಜೆ ಪ್ಯಾಚ್ ಬರೆಯುವವರು.

ಗೆಳೆಯರ ಮಾತನ್ನು ಮೊದಲು ನೋಡೋಣ. ಅದರಲ್ಲಿ ಅರ್ಧ ಸತ್ಯವಿದೆ. ಡೆಡ್‌ಮೌಸ್ ಎಂದು ಹೆಸರಾದ ಕೆನಡಾದ ಕಲಾವಿದರು 2012ರಲ್ಲಿ, ತಮ್ಮಂಥ ದೊಡ್ಡ ವೇದಿಕೆಯ ಕಲಾವಿದರೆಲ್ಲ ಕೊನೆಗೆ ಪ್ಲೇ ಗುಂಡಿ ಒತ್ತುವವರೇ ಎಂದು ಯಾವ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದರು. ಬೆಳಕು, ವಿಡಿಯೊ ಎಲ್ಲವೂ ಹಾಡಿನ ಪ್ರತಿ ಸೆಕೆಂಡಿಗೆ ಬೆಸೆದುಕೊಂಡಿರುವ ಪ್ರದರ್ಶನದಲ್ಲಿ ಹಾಡು ಅತ್ತಿತ್ತ ಸರಿಯುವಂತಿರುವುದಿಲ್ಲ. ಆದ್ದರಿಂದ ಬಹುಪಾಲು ಮೊದಲೇ ಸಿದ್ಧವಾಗಿರುತ್ತದೆ. ಆದರೆ ಇದು ವೇದಿಕೆಯ ಮಾತಾಯಿತು. ಆ ಹಾಡನ್ನು ಸ್ಟುಡಿಯೊದಲ್ಲಿ ಕಟ್ಟುವಾಗ ಯಾವ ಗುಂಡಿಯೂ ತಾನಾಗಿ ಏನನ್ನೂ ಮಾಡಿರುವುದಿಲ್ಲ. 1957ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಮ್ಯಾಕ್ಸ್ ಮ್ಯಾಥ್ಯೂಸ್ ಐಬಿಎಂ 704 ಕಂಪ್ಯೂಟರಿನಿಂದ ಹದಿನೇಳು ಸೆಕೆಂಡುಗಳ ಒಂದು ಪುಟ್ಟ ರಚನೆಯನ್ನು ಹೊರಡಿಸಿದಾಗಲೂ, ಆ ಯಂತ್ರ ತನಗೆ ಹೇಳಿದ್ದಕ್ಕಿಂತ ಒಂದು ಸ್ವರವನ್ನೂ ಹೆಚ್ಚಾಗಿ ನುಡಿಯಲಿಲ್ಲ. ಮ್ಯಾಥ್ಯೂಸ್ ಸ್ವತಃ ಹವ್ಯಾಸಿ ಪಿಟೀಲುಗಾರರು. ಕಂಪ್ಯೂಟರ್ ಎಂಥ ನಾದವನ್ನಾದರೂ ಹೊರಡಿಸಬಲ್ಲದು ಎಂದು ತೋರಿಸಿಕೊಟ್ಟ ಮೇಲೂ ಅವರಿಗೆ ಸಮಾಧಾನವಾಗಲಿಲ್ಲ. 1970ರ ಹೊತ್ತಿಗೆ ಗ್ರೂವ್ ಎಂಬ ವ್ಯವಸ್ಥೆಯನ್ನು ರೂಪಿಸಿ, ಕಂಪ್ಯೂಟರ್ ನುಡಿಸುತ್ತಿರುವಾಗಲೇ ಮನುಷ್ಯನ ಕೈ ಅದರ ಗತಿ ಮತ್ತು ಬಲವನ್ನು ಬದಲಿಸಬಹುದಾದ ದಾರಿಯನ್ನು ಹುಡುಕಿದರು. ನಿಮಗಿರುವ ಅತೃಪ್ತಿ ಈ ವಿದ್ಯೆಯ ಮೂಲಪುರುಷನಿಗೂ ಇತ್ತು ಎಂಬುದನ್ನು ಹೇಳಲೆಂದೇ ಇದನ್ನು ನೆನೆದೆ.

ಇನ್ನು, ಪ್ರೋಗ್ರಾಂ ಬರೆಯುವುದರಲ್ಲಿ ಸಂಗೀತ ಎಲ್ಲಿ ಕೂತಿರುತ್ತದೆ ಎಂಬ ಪ್ರಶ್ನೆ. ಇದಕ್ಕೆ ನಾನು ತರಗತಿಯಲ್ಲಿ ಯಾವಾಗಲೂ ಕೊಡುವ ಉದಾಹರಣೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್ ಅವರದು. ಅವರು ಸಂಗೀತ ರಚನಕಾರರು, ನಿಮ್ಮ ಹಾಗೆ ತಾಳವಾದ್ಯದ ಹಿನ್ನೆಲೆಯವರು. ಮ್ಯಾಥ್ಯೂಸ್ ಅವರ ಲೇಖನವೊಂದನ್ನು ಓದಿದ ಮೇಲೆಯೇ ಪ್ರೋಗ್ರಾಂ ಬರೆಯುವುದನ್ನು ಕಲಿತರು. 1967ರಲ್ಲಿ ಅವರು ಕಂಪ್ಯೂಟರಿನಲ್ಲಿ ಒಂದು ಸ್ವರಕ್ಕೆ ಕಂಪನ ಕೊಟ್ಟು ಕೇಳುತ್ತಿದ್ದರು. ಸೆಕೆಂಡಿಗೆ ಐದಾರು ಸಲ ಅಲುಗಿದರೆ ಅದು ಗಾಯಕರ ಕಂಠದಲ್ಲಿ ಕೇಳುವಂಥ ಕಂಪನ. ಆ ವೇಗವನ್ನೂ ಅಗಲವನ್ನೂ ಯಾವ ಗಾಯಕನಿಗೂ ಸಾಧ್ಯವಾಗದಷ್ಟು ಏರಿಸುತ್ತ ಹೋದಾಗ, ಒಂದು ಹಂತದಲ್ಲಿ ಅಲುಗಾಟ ಕೇಳಿಸುವುದೇ ನಿಂತು, ಆ ಜಾಗದಲ್ಲಿ ಬೇರೆಯದೇ ನಾದಗುಣವೊಂದು ಮೂಡಿತು. ಇದರ ಹಿಂದಿನ ಗಣಿತ ಹೊಸದಾಗಿರಲಿಲ್ಲ. ಎಫ್‌ಎಂ ರೇಡಿಯೊದ ಎಂಜಿನಿಯರುಗಳು 1930ರ ದಶಕದಿಂದಲೂ ಅದನ್ನೇ ಬಳಸುತ್ತಿದ್ದರು. ಅದರೊಳಗೆ ಕಹಳೆಯಿದೆ, ಗಂಟೆಯಿದೆ ಎಂದು ಕೇಳಿಸಿಕೊಂಡದ್ದು ಸಂಗೀತಗಾರನ ಕಿವಿ.

ಈ ಪ್ರಯೋಗವನ್ನು ನಿಮ್ಮ ಪ್ಯಾಚ್‌ನಲ್ಲಿ ಹತ್ತು ನಿಮಿಷದಲ್ಲಿ ಮಾಡಿ ನೋಡಬಹುದು. 200 ಹರ್ಟ್ಜ್‌ನ ಒಂದು ಆಸಿಲೇಟರನ್ನು (ಸ್ವರ ಹೊರಡಿಸುವ ಭಾಗವನ್ನು) 280 ಹರ್ಟ್ಜ್‌ನ ಇನ್ನೊಂದರಿಂದ ಅಲುಗಿಸಿ, ಕಂಪನದ ಆಳವನ್ನು ದೊಡ್ಡದಾಗಿ ಆರಂಭಿಸಿ ನಿಧಾನವಾಗಿ ಇಳಿಸಿದರೆ ಗಂಟೆ ಕೇಳುತ್ತದೆ. ಎರಡನ್ನೂ ಒಂದೇ ಸಂಖ್ಯೆಗೆ ತಂದು, ಆಳವು ಧ್ವನಿಯ ಬಲದೊಂದಿಗೆ ಏರಿ ಇಳಿಯುವಂತೆ ಮಾಡಿದರೆ ಕಹಳೆ ಕೇಳುತ್ತದೆ. ಆಳವನ್ನು ಕದಲದಂತೆ ಕಟ್ಟಿಹಾಕಿದರೆ ಅದೇ ಸೂತ್ರ ಜೀವವಿಲ್ಲದ ಒಂದು ಗುಂಯ್‌ಗುಡುವಿಕೆಯಾಗುತ್ತದೆ. ಕಹಳೆಯನ್ನು ಜೋರಾಗಿ ಊದಿದಷ್ಟೂ ಅದರ ಧ್ವನಿ ಹೊಳಪಾಗುತ್ತದೆ ಎಂಬುದನ್ನು ಬೆಲ್ ಲ್ಯಾಬ್ಸ್‌ನಲ್ಲಿದ್ದ ಫ್ರಾನ್ಸಿನ ರಚನಕಾರ ಜಾನ್ ಕ್ಲೋಡ್ ರಿಸ್ಸೆ ಅಳೆದು ತೋರಿಸಿದ್ದರು. ಚೌನಿಂಗ್ ಆ ತಿಳಿವನ್ನು ತಮ್ಮ ಸೂತ್ರಕ್ಕೆ ಹಚ್ಚಿದರು. 1973ರಲ್ಲಿ ಪ್ರಬಂಧ ಪ್ರಕಟವಾಯಿತು. ಹತ್ತು ವರ್ಷಗಳ ನಂತರ ಯಮಹಾ ಕಂಪನಿಯ ಡಿಎಕ್ಸ್7 ಎಂಬ ಕೀಬೋರ್ಡಿನ ರೂಪದಲ್ಲಿ ಆ ನಾದ ಜಗತ್ತಿನ ಸ್ಟುಡಿಯೊಗಳಲ್ಲೆಲ್ಲ ಹರಡಿಕೊಂಡಿತು. ಇಲ್ಲಿ ಕೋಡ್ ಇರುವುದು ಕೆಲವೇ ಸಾಲು. 280 ಬೇಕೋ 200 ಬೇಕೋ, ಆಳ ಎಷ್ಟು ಹೊತ್ತಿನಲ್ಲಿ ಇಳಿಯಬೇಕು ಎಂಬ ತೀರ್ಮಾನಗಳನ್ನು ತೆಗೆದುಕೊಂಡದ್ದು ಕಿವಿ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಹೌದು. ಆದರೆ ಅದಕ್ಕೊಂದು ಷರತ್ತಿದೆ. ಬರೆದದ್ದನ್ನು ಕೇಳಿ, ಕೇಳಿದ್ದರಿಂದ ಬರೆದದ್ದನ್ನು ತಿದ್ದುವ ಸುತ್ತು ನಡೆಯುತ್ತಿರಬೇಕು. ಆ ಸುತ್ತು ನಿಂತು, ಕೋಡನ್ನು ಕೋಡೇ ತಿದ್ದಲು ಶುರುವಾದ ದಿನ ನೀವು ಎಂಜಿನಿಯರಿಂಗ್‌ಗೆ ದಾಟಿರುತ್ತೀರಿ. ಎಂಜಿನಿಯರಿಂಗ್ ಅವಮಾನದ ಕೆಲಸವೇನೂ ಅಲ್ಲ. ಆದರೆ ಅದನ್ನು ರಿಯಾಜ್ ಎಂದು ಎಣಿಸಿಕೊಳ್ಳುವಂತಿಲ್ಲ.

ಹೊಸ ಸಾಧನವನ್ನು ಕಂಡರೆ ಹುಬ್ಬು ಗಂಟಿಕ್ಕುವುದು ನಮ್ಮಲ್ಲೇನೂ ಹೊಸತಲ್ಲ. ಸ್ವರದಿಂದ ಸ್ವರಕ್ಕೆ ಜಾರಲಾರದು, ಶ್ರುತಿ ಸೂಕ್ಷ್ಮಗಳನ್ನು ಹಿಡಿಯಲಾರದು ಎಂಬ ಕಾರಣಕ್ಕೆ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಅದು ಸಡಿಲವಾದದ್ದು 1971ರಲ್ಲಿ. ಆ ಮೂರು ದಶಕಗಳ ನಡುವೆಯೂ ಬೆಳಗಾವಿಯ ರಾಂಭಾವು ವಿಜಾಪುರೆಯವರಂಥವರು ಅದೇ ಪೆಟ್ಟಿಗೆಯ ಮೇಲೆ ಜೀವಮಾನ ಸವೆಸಿ, ದೊಡ್ಡ ಗಾಯಕರೆಲ್ಲ ಬಯಸುವ ಸಾಥ್ ಆಗಿ ಬೆಳೆದರು. ಆಕ್ಷೇಪಣೆಯಲ್ಲಿ ಹುರುಳಿರಲಿಲ್ಲವೇ ಎಂದರೆ, ಇತ್ತು. ಹಾರ್ಮೋನಿಯಂಗೆ ಮೀಂಡ್, ಅಂದರೆ ಆ ಜಾರುವಿಕೆ, ಬರುವುದಿಲ್ಲ ಎಂಬುದು ಇಂದಿಗೂ ನಿಜ. ವಾದ್ಯದ ಮಿತಿ ನಿಜವಾಗಿದ್ದರೂ ನುಡಿಸುವವನು ಸಂಗೀತಗಾರನಾಗಿರಬಹುದು ಎಂಬುದಷ್ಟೇ ಇಲ್ಲಿ ನನಗೆ ಬೇಕಾದ ಮಾತು.

ಈಗ ಮೇಷ್ಟ್ರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದರಲ್ಲಿ ‘ಲೆಕ್ಕ ಸರಿಯಿದೆ’ ಎಂಬ ಮೊದಲ ಭಾಗವನ್ನು ನೀವು ಗಮನಿಸಿದಂತಿಲ್ಲ. ತನ್ನ ಕಿವಿಯಿಂದ ತಾಳ ಹಾಕಿ ನೋಡದೆ ಒಬ್ಬ ಮೃದಂಗ ವಿದ್ವಾಂಸ ಆ ಮಾತು ಹೇಳುವುದಿಲ್ಲ. ಅಂದರೆ ಅವರು ನಿಮ್ಮ ಪ್ಯಾಚನ್ನು ಕಂಪ್ಯೂಟರ್ ಕೆಲಸ ಎಂದು ಪಕ್ಕಕ್ಕಿಡದೆ, ಶಿಷ್ಯ ನುಡಿಸಿದ ಮುಕ್ತಾಯ ಎಂದೇ ಕೇಳಿ ತಪ್ಪು ಹೇಳಿದ್ದಾರೆ. ಆ ತಪ್ಪು ಏನಿರಬಹುದು? ಆದಿತಾಳವನ್ನೇ ತೆಗೆದುಕೊಳ್ಳಿ. ಒಂದು ಆವರ್ತಕ್ಕೆ, ಅಂದರೆ ತಾಳದ ಒಂದು ಪೂರ್ಣ ಸುತ್ತಿಗೆ, ಎಂಟು ಎಣಿಕೆ; ಎಣಿಕೆಗೆ ನಾಲ್ಕರಂತೆ 32 ಮಾತ್ರೆ. ‘ತದಿಗಿಣತೊಂ’ ಎಂಬ ಐದನ್ನು ಮೂರು ಸಲ, ನಡುವೆ ಎರಡೆರಡು ಮಾತ್ರೆ ಕಾರ್ವೆ (ವಿರಾಮ) ಬಿಟ್ಟು ನುಡಿಸಿದರೆ 19 ಮಾತ್ರೆಯಾಗುತ್ತದೆ. ಸಮಕ್ಕೆ, ಅಂದರೆ ಮುಂದಿನ ಆವರ್ತದ ಮೊದಲ ಪೆಟ್ಟಿಗೆ, ಬಂದು ಮುಟ್ಟಬೇಕಾದರೆ 13 ಮಾತ್ರೆ ಕಳೆದ ಮೇಲೆ ಎತ್ತಬೇಕು. ಅದು ಲಘುವಿನ (ಪೆಟ್ಟು ಹಾಕಿ ಬೆರಳೆಣಿಸುವ ಭಾಗದ) ಮಧ್ಯದ ಬೆರಳು ಬಿದ್ದು ಒಂದು ಮಾತ್ರೆಯಾದ ಮೇಲೆ ಬರುವ ಎಡುಪು, ಅಂದರೆ ಎತ್ತುವ ಜಾಗ. ಇನ್ನೊಂದು ದಾರಿಯಲ್ಲಿ ಐದು, ಆರು, ಏಳು ಎಂದು ಬೆಳೆಸುತ್ತ ನಡುವೆ ಒಂದೊಂದು ಮಾತ್ರೆ ಬಿಟ್ಟರೆ 20 ಆಗುತ್ತದೆ. ಅದು 12 ಮಾತ್ರೆ ಕಳೆದು, ಮಧ್ಯದ ಬೆರಳು ಬೀಳುವ ಕ್ಷಣಕ್ಕೇ ಎತ್ತುತ್ತದೆ. ನಿಮ್ಮ ಪ್ಯಾಚ್‌ಗೆ ಎರಡೂ ಒಂದೇ. ಎರಡೂ ಸಮಕ್ಕೆ ಬರುತ್ತವೆ, ಆದ್ದರಿಂದ ಎರಡೂ ಸರಿ. ಮೃದಂಗ ನುಡಿಸುವವನಿಗೆ ಇವೆರಡೂ ಬೇರೆ ಬೇರೆ ಜೀವಗಳು. ಮೊದಲನೆಯದು ಕೇಳುವವನ ತಾಳವನ್ನು ಅರೆಕ್ಷಣ ತಪ್ಪಿಸಿ, ಕಾರ್ವೆಯಲ್ಲಿ ಉಸಿರು ಹಿಡಿಸಿ, ಸಮದಲ್ಲಿ ಬಿಡುಗಡೆ ಕೊಡುತ್ತದೆ. ಎರಡನೆಯದು ಗಟ್ಟಿ ನೆಲದ ಮೇಲೆ ನಿಂತು ಅಗಲವಾಗುತ್ತ ಬರುತ್ತದೆ. ಈಗಷ್ಟೇ ಮುಗಿದ ನಡೆಯ ನಂತರ ಯಾವುದು ಒಪ್ಪುತ್ತದೆ, ಎರಡನೆಯ ಕಾರ್ವೆಯಲ್ಲಿ ತೊಪ್ಪಿಯ (ಎಡಗಡೆಯ ಮುಖದ) ಗುಮ್ಕಿಯನ್ನು, ಅಂದರೆ ಒತ್ತಿ ಜಾರಿಸುವ ನಾದವನ್ನು, ಎಷ್ಟು ಎಳೆಯಬೇಕು, ಮೂರನೆಯ ‘ತೊಂ’ ಮೊದಲೆರಡಕ್ಕಿಂತ ಎಷ್ಟು ತೂಕವಾಗಿರಬೇಕು ಎಂಬ ತೀರ್ಮಾನಗಳು ನಿಮ್ಮ ಪ್ಯಾಚ್‌ನಲ್ಲಿ ಯಾರದೂ ಅಲ್ಲ. ಮೇಷ್ಟ್ರು ಕೇಳಿದ್ದು ಅದನ್ನು.

ಹೀಗಾಗಲು ಕಾರಣವಿದೆ. ಪ್ರೋಗ್ರಾಂ ಬರೆಯುವವರಿಗೆ ಲೆಕ್ಕದ ಭಾಗ ಕೂಡಲೇ ಸಂತೋಷ ಕೊಡುತ್ತದೆ, ಏಕೆಂದರೆ ಅಲ್ಲಿ ಸರಿ ಮತ್ತು ತಪ್ಪು ಸ್ಪಷ್ಟವಾಗಿರುತ್ತವೆ. ನಾದದ ಭಾಗದಲ್ಲಿ ಯಾವ ಎರರ್ ಸಂದೇಶವೂ ಬರುವುದಿಲ್ಲ. ಮಂಕಾಗಿ ನುಡಿಯುವ ‘ತೊಂ’ ಕೂಡ ಯಾವ ತಕರಾರೂ ಇಲ್ಲದೆ ರನ್ ಆಗುತ್ತದೆ. ಹೀಗಾಗಿ ದಣಿದ ಸಂಜೆಗಳಲ್ಲಿ ಮನಸ್ಸು ತಾನಾಗಿಯೇ ಖಂಡಜಾತಿ ಝಂಪೆಗೂ ಒಂದು ಸೌಲಭ್ಯ ಸೇರಿಸೋಣ ಎಂಬ ಕಡೆಗೆ ವಾಲುತ್ತದೆ. ನಾನೂ ಹಲವು ವರ್ಷಗಳ ಹಿಂದೆ ಅರವತ್ತು ಸ್ಲೈಡರುಗಳ ಒಂದು ಪ್ಯಾಚ್ ಕಟ್ಟಿ, ಅದನ್ನು ಹೆಮ್ಮೆಯಿಂದ ವೇದಿಕೆಗೆ ಒಯ್ದು, ಕತ್ತಲಲ್ಲಿ ಯಾವುದು ಯಾವುದೆಂದು ತಿಳಿಯದೆ ಇಪ್ಪತ್ತು ನಿಮಿಷ ಮೂರೇ ಸ್ಲೈಡರುಗಳನ್ನು ಆಡಿಸುತ್ತ ಕೂತಿದ್ದೇನೆ. ಮರುದಿನ ಉಳಿದ ಐವತ್ತೇಳನ್ನು ಅಳಿಸಿದೆ.

ವೀಣೆಗೆ ಮೇಳ ಕಟ್ಟುವವರನ್ನು ನೀವು ನೋಡಿರಬಹುದು. ಬಿಸಿ ಮಾಡಿದ ಮೇಣದ ಮೇಲೆ 24 ಮೆಟ್ಟಿಲುಗಳನ್ನು ಒಂದೊಂದಾಗಿ ಕೂರಿಸಿ, ತಂತಿ ಮೀಟಿ ಕೇಳಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ಕೇಳುತ್ತಾರೆ. ಅದು ಪೂರ್ತಿ ಕಿವಿಯ ಕೆಲಸ, ಸಂಗೀತ ಗೊತ್ತಿಲ್ಲದವನಿಂದ ಆಗದ ಕೆಲಸ. ಆದರೂ ಮೇಳ ಕಟ್ಟಿ ಮುಗಿದ ಮೇಲೆ ವೀಣೆ ನುಡಿಸಲು ಇನ್ನೊಂದು ಸಾಧನೆ ಬೇಕು. ಎರಡನ್ನೂ ಒಬ್ಬರೇ ಮಾಡಬಾರದೆಂದಿಲ್ಲ. ಪಿಟೀಲು ಚೌಡಯ್ಯನವರು ದೊಡ್ಡ ಸಭೆಗಳಲ್ಲಿ ಧ್ವನಿ ಹಿಂದಿನ ಸಾಲಿಗೂ ತಲುಪಲೆಂದು ಏಳು ತಂತಿಯ ಪಿಟೀಲನ್ನು ರೂಪಿಸಿಕೊಂಡರು, ಅದನ್ನೇ ನುಡಿಸಿದರು. ನೀವು ಎಂಟು ತಿಂಗಳು ಮಾಡಿದ್ದು ಮೇಳ ಕಟ್ಟುವ ಕೆಲಸ, ಅದೂ ದಿನಕ್ಕೊಂದು ಮೆಟ್ಟಿಲು ಹೆಚ್ಚಿಸುತ್ತ. ನುಡಿಸುವ ಕೆಲಸ ಇನ್ನೂ ಶುರುವಾಗಿಲ್ಲ.

ಮುಂದೆ ಏನು ಮಾಡಬಹುದು ಎಂಬುದಕ್ಕೆ ನಿಮ್ಮ ಮುಂದೆ ಕೆಲವು ದಾರಿಗಳಿವೆ. ನಾನು ಮೊದಲು ಸೂಚಿಸುವುದು ಪ್ಯಾಚ್‌ಗೆ ಬೀಗ ಹಾಕುವುದನ್ನು. ಆರು ತಿಂಗಳು ಅದಕ್ಕೆ ಹೊಸದೇನನ್ನೂ ಸೇರಿಸಬೇಡಿ. ಎಂಟು ನಾಬ್‌ಗಳಿರುವ ಒಂದು ಸಣ್ಣ ಮಿಡಿ ಕಂಟ್ರೋಲರ್ (ಕಂಪ್ಯೂಟರಿನ ಧ್ವನಿಯನ್ನು ಕೈಯಿಂದ ನಿಯಂತ್ರಿಸುವ ಸಾಧನ) ಅಥವಾ ನಾಲ್ಕು ಪ್ಯಾಡ್‌ಗಳನ್ನು ಜೋಡಿಸಿ, ಎಡುಪು, ಕಾರ್ವೆಯ ಉದ್ದ, ಪೆಟ್ಟಿನ ತೂಕ ಇಷ್ಟನ್ನು ಮಾತ್ರ ಕೈಗೆ ತನ್ನಿ. ಲೆಕ್ಕವನ್ನು ಯಂತ್ರ ಮಾಡಲಿ, ಆಯ್ಕೆಯನ್ನು ನೀವು ಮಾಡಿ. ದಿನಕ್ಕೆ ಒಂದು ಗಂಟೆ, ಮೃದಂಗಕ್ಕೆ ಕೂತಂತೆ ಕೂತು ಅಭ್ಯಾಸ ಮಾಡಿ. ಪ್ಯಾಡ್ ಬಳಸುವುದಾದರೆ ಆಡಿಯೊ ಬಫರಿನ, ಅಂದರೆ ಕಂಪ್ಯೂಟರ್ ಧ್ವನಿಯನ್ನು ಹೊರಬಿಡುವ ಮೊದಲು ಕೂಡಿಡುವ ತುಣುಕಿನ, ಕಡೆಗೂ ಗಮನವಿರಲಿ. 44,100ರ ಸ್ಯಾಂಪಲ್ ದರದಲ್ಲಿ 1024ರ ಬಫರ್ ಇಟ್ಟರೆ ಅದೊಂದರಿಂದಲೇ ಪೆಟ್ಟಿಗೂ ಧ್ವನಿಗೂ ನಡುವೆ ಸುಮಾರು 23 ಮಿಲಿಸೆಕೆಂಡುಗಳ ಅಂತರ ಬೀಳುತ್ತದೆ. ಮೃದಂಗಕ್ಕೆ ಪಳಗಿದ ಕೈಗೆ ಅದು ಗೋಣಿಚೀಲದ ಮೇಲೆ ಬಾರಿಸಿದಂತೆ ಅನ್ನಿಸುತ್ತದೆ. 128ಕ್ಕೆ ಇಳಿಸಿದರೆ 3 ಮಿಲಿಸೆಕೆಂಡಿಗೆ ಬರುತ್ತದೆ, ಕಂಪ್ಯೂಟರ್ ತಡೆದುಕೊಳ್ಳುತ್ತದೆಯೇ ನೋಡಿಕೊಳ್ಳಿ. ಈ ದಾರಿಯ ಅಪಾಯವೆಂದರೆ ಮೂರನೆಯ ವಾರದಲ್ಲಿ ಬರುವ ಬೇಸರ. ಪ್ಯಾಚ್‌ನ ನಾದವೇ ಅರ್ಧ ಗಂಟೆ ಕೇಳುವಂತಿಲ್ಲ ಎಂಬ ಸತ್ಯ ಆಗ ಗೊತ್ತಾಗಬಹುದು. ಗೊತ್ತಾದರೆ ಒಳ್ಳೆಯದೇ, ಆಗ ಬೀಗ ತೆಗೆದು ನಾದವನ್ನಷ್ಟೇ ತಿದ್ದಿ.

ಎರಡನೆಯ ದಾರಿ ವೇದಿಕೆಯ ಮೇಲೆಯೇ ಕೋಡ್ ಬರೆಯುವುದು. ಸೂಪರ್‌ಕೊಲೈಡರ್ ಬಲ್ಲ ನಿಮಗೆ ಇದು ಹತ್ತಿರದ್ದು. 2004ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಟಾಪ್‌ಲ್ಯಾಪ್ ಎಂಬ ಬಳಗ ಕಟ್ಟಿಕೊಂಡವರು, ಪ್ರದರ್ಶಕನ ಪರದೆ ಸಭೆಗೆ ಕಾಣಬೇಕು ಎಂಬುದನ್ನೇ ನಿಯಮವಾಗಿ ಇಟ್ಟುಕೊಂಡರು. ಗುಂಡಿ ಒತ್ತುವ ಆರೋಪಕ್ಕೆ ಇದಕ್ಕಿಂತ ನೇರವಾದ ಉತ್ತರವಿಲ್ಲ. ಆದರೆ ಬರೆಯುವ ವೇಗ ನುಡಿಸುವ ವೇಗಕ್ಕಿಂತ ಕಡಿಮೆ. ಆದ್ದರಿಂದ ಸಂಗೀತ ಮೆಲ್ಲಗೆ ಪದರ ಪದರವಾಗಿ ಬೆಳೆಯುವ ಒಂದೇ ಬಗೆಗೆ ಜಾರುವ ಅಪಾಯವಿದೆ. ಸಭಿಕರು ಕೇಳುವುದನ್ನು ಬಿಟ್ಟು ಓದಲು ಶುರುಮಾಡುವುದೂ ಉಂಟು. ಬೆಂಗಳೂರಿನ ಸಭೆಯಲ್ಲಂತೂ ಅರ್ಧದಷ್ಟು ಜನ ನಿಮ್ಮ ಸೆಮಿಕೋಲನ್ ಎಣಿಸುತ್ತಾರೆ.

ಮೂರನೆಯದು ಮನುಷ್ಯರೊಂದಿಗೆ ನುಡಿಸುವುದು. ಪಿಟೀಲೋ ಖಂಜಿರವೋ ನುಡಿಸುವ ಗೆಳೆಯರಿದ್ದರೆ ತಿಂಗಳಿಗೆರಡು ಸಲ ಕೂತು ನೋಡಿ. ಅವರು ಏನು ನುಡಿಸಿದರು ಎಂದು ಕೇಳಿ ಮುಂದಿನ ಮುಕ್ತಾಯವನ್ನು ಆರಿಸಬೇಕಾದಾಗ, ಮೇಷ್ಟ್ರು ಕೇಳಿದ ಸಂಗೀತ ನೀವು ಹುಡುಕದೆಯೇ ಬರುತ್ತದೆ. ಇಲ್ಲಿನ ಅಪಾಯ ಯಂತ್ರದ ಕಾಲಪ್ರಮಾಣ. ಅದು ಬಿಗಿಯಾಗಿ ಕೂತರೆ ಎದುರಿಗಿನವರು ಮೆಟ್ರೊನೋಮಿನ ಗುಲಾಮರಾಗುತ್ತಾರೆ, ಎರಡನೆಯ ಸಲ ಕರೆದರೆ ಬರುವುದಿಲ್ಲ. ಕಾಲಿನಡಿಗೆ ಒಂದು ಪೆಡಲ್ ಇಟ್ಟು ಗತಿಯನ್ನು ನೀವೇ ತಟ್ಟಿ ಕೊಡುವಂತೆ ಮಾಡಿಕೊಳ್ಳಿ. ಪ್ಯಾಚ್‌ಗೆ ಹಾಕಿದ ಬೀಗವನ್ನು ಇದೊಂದಕ್ಕೆ ತೆಗೆಯಬಹುದು.

ವೇದಿಕೆಯ ಗೊಡವೆಯೇ ಬೇಡ, ರಚನೆಗಳನ್ನು ಮುದ್ರಿಸಿ ಬಿಡುಗಡೆ ಮಾಡುತ್ತೇನೆ ಎನ್ನುವುದೂ ಪೂರ್ಣ ಗೌರವದ ದಾರಿಯೇ. ಆಗ ನೀವು ರಚನಕಾರರು, ನುಡಿಸುವ ಹಂಗಿಲ್ಲ. ಆದರೆ ಎಂಟು ತಿಂಗಳಿಗೆ ಎರಡು ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ತಿಂಗಳಿಗೊಂದು ರಚನೆಯನ್ನು, ಚೆನ್ನಾಗಿರಲಿ ಬಿಡಲಿ, ಮುಗಿಸಿ ಯಾರಿಗಾದರೂ ಕೇಳಿಸುವ ಕಟ್ಟುಪಾಡು ಹಾಕಿಕೊಳ್ಳಿ.

ಕೊನೆಯದಾಗಿ ಕೀಬೋರ್ಡ್. ಕೀಬೋರ್ಡ್ ನುಡಿಸಬೇಕೆಂಬ ಆಸೆ ನಿಮಗಿದ್ದರೆ ಖಂಡಿತ ಕಲಿಯಿರಿ. ಗೆಳೆಯರ ಬಾಯಿ ಮುಚ್ಚಿಸಲು ಎಂದಾದರೆ ಬೇಡ. ನೆಟ್ಟಗೆ ನುಡಿಸಲು ಎರಡು ಮೂರು ವರ್ಷ ಬೇಕು, ಆ ಹೊತ್ತಿಗೆ ಗೆಳೆಯರು ಬೇರೆ ಆಕ್ಷೇಪಣೆ ಹುಡುಕಿರುತ್ತಾರೆ. ಅಲ್ಲದೆ, ಬೆರಳು ಕೀಲಿಯ ಮೇಲಿದ್ದ ಮಾತ್ರಕ್ಕೆ ನಿಮ್ಮ ಸಂಗೀತ ಹೆಚ್ಚು ಸಂಗೀತವಾಗುವುದಿಲ್ಲ. ವಾದ್ಯಗಳೂ ಕಂಪ್ಯೂಟರೂ ಮಾತಾಡಿಕೊಳ್ಳಲೆಂದು 1983ರಲ್ಲಿ ಬಂದ ಮಿಡಿ ವ್ಯವಸ್ಥೆ ಕೀಲಿಗೊಂದು ಸಂಖ್ಯೆ ಎಂಬ ಕಲ್ಪನೆಯ ಮೇಲೆ ನಿಂತಿದೆ. ತೋಡಿ ರಾಗದ ಗಾಂಧಾರದಂಥ ಸ್ವರಕ್ಕೆ ಒಂದು ಸಂಖ್ಯೆಯಿಲ್ಲ, ಅದು ರಿಷಭಕ್ಕೂ ಮಧ್ಯಮಕ್ಕೂ ನಡುವೆ ಓಲಾಡುತ್ತಲೇ ಇರುತ್ತದೆ. ಸ್ವರವನ್ನು ಮೇಲೆ ಕೆಳಗೆ ಸರಿಸುವ ಪಿಚ್ ಬೆಂಡ್ ಚಕ್ರಕ್ಕೆ ಸಮ ಅಲೆಯೊಂದನ್ನು ಹಚ್ಚಿ ಆ ಓಲಾಟವನ್ನು ತರಲು ನಾನು ಒಮ್ಮೆ ಮೂರು ವಾರ ಹೆಣಗಿದೆ. ಬಂದದ್ದು ಆಂಬ್ಯುಲೆನ್ಸಿನ ಸೈರನ್. ಮೇಲಿನ ತುದಿಯಲ್ಲಿ ಎಷ್ಟು ನಿಲ್ಲಬೇಕು, ಕೆಳಕ್ಕೆ ಎಷ್ಟು ಬೇಗ ಬೀಳಬೇಕು ಎಂಬುದನ್ನು ಹಾಡಿಕೊಂಡು, ಅದರ ಗೆರೆ ಎಳೆದು, ಕೋಡ್‌ನಲ್ಲಿ ಬರೆದ ಮೇಲೆಯೇ ತೋಡಿಯ ನೆರಳು ಕಂಡಿತು. ಕೈಯಲ್ಲಿದ್ದ ಕೀಬೋರ್ಡ್ ಅಲ್ಲಿ ಯಾವ ಸಹಾಯಕ್ಕೂ ಬರಲಿಲ್ಲ. ನಿಮಗೆ ಮರಳಿ ಹೋಗಲು ಒಂದು ವಾದ್ಯ ಬೇಕೆನಿಸಿದರೆ ಅದು ಈಗಾಗಲೇ ಮನೆಯಲ್ಲಿದೆ. ಮೃದಂಗಕ್ಕೆ ಹೊಸ ಕರಣೆ (ಬಲಮುಖದ ಕಪ್ಪು ಲೇಪ) ಹಾಕಿಸಿ, ವಾರಕ್ಕೊಮ್ಮೆ ಮೇಷ್ಟ್ರ ಮುಂದೆ ಕೂರಿ.

ಇನ್ನು ಅರ್ಜಿಯ ಕಲಂ. ಖಾಲಿ ಬಿಡಬಾರದಿತ್ತು. ಮುಂದಿನ ಸಲ ‘ಕಂಪ್ಯೂಟರ್, ಸ್ವಂತ ಪ್ರೋಗ್ರಾಂ, ಪ್ಯಾಡ್ ಸಹಿತ’ ಎಂದು ಬರೆಯಿರಿ. ಅದರ ಕೆಳಗೆಯೇ, ಎರಡು ಲೈನ್ ಔಟ್‌ಪುಟ್‌ಗೆ ಎರಡು ಡಿಐ ಬಾಕ್ಸ್ (ಉಪಕರಣದ ಧ್ವನಿಯನ್ನು ಮಿಕ್ಸರಿಗೆ ಒಯ್ಯುವ ಪೆಟ್ಟಿಗೆ), ಅಲುಗದ ಒಂದು ಮೇಜು, ಮುಖದ ಕಡೆಗೆ ಒಂದು ಮಾನಿಟರ್ ಸ್ಪೀಕರ್, ಸೌಂಡ್‌ಚೆಕ್‌ಗೆ ಅರ್ಧ ಗಂಟೆ ಬೇಕೆಂದು ಸೇರಿಸಿ. ನಿಮ್ಮನ್ನು ಯಾವ ಗುಂಪಿಗೆ ಸೇರಿಸಬೇಕೆಂಬ ಚಿಂತೆ ಸಂಘಟಕರಿಗಿರುವುದಿಲ್ಲ, ವೇದಿಕೆಯ ಮೇಲೆ ಏನು ಜೋಡಿಸಬೇಕೆಂಬ ಚಿಂತೆ ಮಾತ್ರ ಇರುತ್ತದೆ.